ಯಾವ ಬಟ್ಟಲು ನಿಮ್ಮದು? ವಿಯೆಟ್ನಾಂನ ಸಣ್ಣ ಹೋಟೆಲಿನಲ್ಲಿ ಶಾವಿಗೆ ಸಾರನ್ನು ಆರಿಸಿಕೊಳ್ಳುವ ಬಗೆ

ಅಮೆರಿಕದ ಸ್ಯಾನ್ ಹೋಸೆಯಲ್ಲಿಯೋ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿಯೋ ಕೆಲಸಕ್ಕಿರುವ ಕನ್ನಡಿಗರಿಗೆ ಫೋ ಹೊಸ ತಿನಿಸೇನಲ್ಲ. ಹಬೆಯಾಡುವ ಎಲುಬಿನ ಸಾರು, ಅದರೊಳಗೆ ಅಕ್ಕಿಯ ಎಳೆ, ಮೇಲೆ ತೆಳ್ಳನೆಯ ಮಾಂಸದ ಹೋಳು, ಪಕ್ಕದ ತಟ್ಟೆಯಲ್ಲಿ ಗುಡ್ಡೆ ಹಾಕಿದ ಹೆಸರುಕಾಳಿನ ಮೊಳಕೆ ಮತ್ತು ಹಸಿ ಸೊಪ್ಪು, ಮೇಜಿನ ಮೇಲೆ ಸಿಹಿಯಾದ ಕಪ್ಪು ಸಾಸಿನ ಬಾಟಲಿ: ಇಷ್ಟು ಕೂಡಿದರೆ ಫೋ ಎಂಬುದು ಅವರ ನಾಲಿಗೆಗೆ ರೂಢಿಯಾಗಿರುತ್ತದೆ. ಆ ರೂಢಿಯನ್ನೇ ಹೊತ್ತುಕೊಂಡು ಹನೋಯ್‌ನ ಹಳೆಯ ಕೇರಿಯ ಅಂಗಡಿಯೊಂದರಲ್ಲಿ ಕುಳಿತವರಿಗೆ ಮೊದಲ ಬಟ್ಟಲು ಬಂದಾಗ ಏನೋ ಬಿಟ್ಟುಹೋದಂತೆ ಅನ್ನಿಸುತ್ತದೆ. ಸೊಪ್ಪಿನ ತಟ್ಟೆ ಬರುವುದಿಲ್ಲ, ಮೊಳಕೆ ಇಲ್ಲ, ಕಪ್ಪು ಸಾಸಿನ ಸುಳಿವಿಲ್ಲ. ಬಡಿಸುವವರು ಮರೆತಿರಬೇಕೆಂದು ಕೇಳಲು ಹೋಗಿ ನಗೆಗೀಡಾದವರಲ್ಲಿ ನಾನೂ ಒಬ್ಬ.

ಮರೆವೇನೂ ಅಲ್ಲಿ ಆಗಿರಲಿಲ್ಲ. 1975ರಲ್ಲಿ ಯುದ್ಧ ಮುಗಿದ ಮೇಲೆ ದೇಶ ಬಿಟ್ಟು ಹೊರಟ ನಿರಾಶ್ರಿತರಲ್ಲಿ ಹೆಚ್ಚಿನವರು ದಕ್ಷಿಣದವರು. ಹಾಗಾಗಿ ಹೊರಜಗತ್ತು ಫೋ ಎಂದು ತಿಳಿದಿರುವುದು ಬಹುಮಟ್ಟಿಗೆ ಸೈಗಾನಿನ, ಅಂದರೆ ಇಂದಿನ ಹೋ ಚಿ ಮಿನ್ಹ್ ನಗರದ ಪದ್ಧತಿಯನ್ನು. ಉತ್ತರದ ಪದ್ಧತಿ ಬೇರೆ. ಇವೆರಡರ ಜೊತೆಗೆ ನಡುನಾಡಿನ ಹ್ವೇ ನಗರದ ಖಾರದ ಸಾರು, ಮೆಕಾಂಗ್ ಮುಖಜಭೂಮಿಯ ಹಂದಿಯ ಸಾರು, ಗದ್ದೆ ಏಡಿಯ ಸಾರು ಎಲ್ಲವೂ ಒಂದೇ ಬೀದಿಯಲ್ಲಿ ಸಿಗುವಾಗ ಯಾವುದಕ್ಕೆ ಕೈಯೊಡ್ಡಬೇಕು ಎಂಬ ಗೊಂದಲ ಸಹಜ. ಬಹಳ ಮಂದಿ ಮಾಂಸವನ್ನು ನೋಡಿ ಆರಿಸುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಬಟ್ಟಲಿನ ರುಚಿಯನ್ನು ಪೂರ್ತಿಗೊಳಿಸುವವರು ಅಡುಗೆಯವರೋ, ಉಣ್ಣುವ ನೀವೋ?

ಹನೋಯ್ ಬಟ್ಟಲು, ಸೈಗಾನ್ ಬಟ್ಟಲು

ಫೋ ಹುಟ್ಟಿದ್ದು ಉತ್ತರದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳ ನಡುವೆ. ಹನೋಯ್ ಮತ್ತು ಅದರ ಆಗ್ನೇಯಕ್ಕಿರುವ ನಾಮ್ ದಿನ್ಹ್ ಪ್ರದೇಶ ಎರಡೂ ಅದರ ತವರು ತಮ್ಮದೆನ್ನುತ್ತವೆ. 2024ರಲ್ಲಿ ವಿಯೆಟ್ನಾಂ ಸರ್ಕಾರ ಎರಡೂ ಊರಿನ ಫೋವನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿ ಜಗಳಕ್ಕೆ ಒಂದು ಬಗೆಯ ರಾಜಿ ಮಾಡಿಸಿತು. ಫ್ರೆಂಚರ ಆಳ್ವಿಕೆಯಲ್ಲಿ ಗೋಮಾಂಸದ ಬೇಡಿಕೆ ಹೆಚ್ಚಿದಾಗ ಮಿಕ್ಕುಳಿಯುತ್ತಿದ್ದ ಎಲುಬುಗಳನ್ನು ಕುದಿಸಿ, ಹೆಗಲ ಮೇಲಿನ ಅಡ್ಡೆಯ ಒಂದು ತುದಿಗೆ ಒಲೆ ಮತ್ತು ಹಂಡೆ, ಇನ್ನೊಂದು ತುದಿಗೆ ಬಟ್ಟಲು ಮತ್ತು ಶಾವಿಗೆ ಕಟ್ಟಿಕೊಂಡು ಬೀದಿ ಬೀದಿ ತಿರುಗಿ ಮಾರುತ್ತಿದ್ದ ತಿನಿಸು ಇದು.

ಹನೋಯ್ ಪದ್ಧತಿಯಲ್ಲಿ ಸಾರು ತಿಳಿಯಾಗಿರುತ್ತದೆ, ಸಿಹಿಯ ಸೋಂಕು ತೀರಾ ಕಡಿಮೆ. ಎಲುಬನ್ನು ಹತ್ತು ಹನ್ನೆರಡು ಗಂಟೆ ಸಣ್ಣ ಉರಿಯಲ್ಲಿ ಇಟ್ಟು, ಮೇಲೆ ಬರುವ ನೊರೆಯನ್ನು ತಾಳ್ಮೆಯಿಂದ ತೆಗೆದು, ಕೆಂಡದಲ್ಲಿ ಸುಟ್ಟ ಶುಂಠಿ ಮತ್ತು ಈರುಳ್ಳಿಯನ್ನು ಹಾಕಿ, ಚಕ್ರಮೊಗ್ಗು, ಚಕ್ಕೆ, ಕಪ್ಪು ಏಲಕ್ಕಿಗಳನ್ನು ಹುರಿದು ಗಂಟು ಕಟ್ಟಿ ಇಳಿಬಿಡುತ್ತಾರೆ. ಪಟ್ಟಿಯನ್ನು ಓದಿದರೆ ನಮ್ಮ ಬಿರಿಯಾನಿಯ ಮಸಾಲೆಯೇ ಅನ್ನಿಸುತ್ತದೆ. ಆದರೆ ಅಲ್ಲಿ ಮಸಾಲೆ ಸಾರಿನೊಳಗೆ ಕರಗಿ ನಿಲ್ಲುವುದಿಲ್ಲ, ಪರಿಮಳವನ್ನಷ್ಟೇ ಬಿಟ್ಟು ಹೊರಗೆ ಬರುತ್ತದೆ. ಹಳೆಯ ಕಾಲದ ಅಡುಗೆಯವರು ರುಚಿಯ ಆಳಕ್ಕೆ ಒಣಗಿಸಿದ ಕಡಲ ಹುಳುವನ್ನೂ ಹಾಕುತ್ತಿದ್ದರು. ಎಳೆ ಅಗಲ, ಮೃದು. ಮೇಲೆ ಹೆಚ್ಚಿದ ಎಳೆ ಈರುಳ್ಳಿ, ಒಂದಿಷ್ಟು ಕೊತ್ತಂಬರಿ. ಮೇಜಿನ ಮೇಲೆ ಬೆಳ್ಳುಳ್ಳಿ ನೆನೆಸಿದ ವಿನೆಗರ್, ಮೆಣಸಿನಕಾಯಿಯ ಸಾಸ್, ಕೆಲವೆಡೆ ನಿಂಬೆಹೋಳು. ಜೊತೆಗೆ ಬೇಕಾದರೆ ಕ್ವೆಯ್ ಎಂಬ ಕರಿದ ಹಿಟ್ಟಿನ ಕೋಲು, ಸಾರಿನಲ್ಲಿ ಅದ್ದಿ ತಿನ್ನಲು. ಬಟ್ಟಲು ಮುಗಿದ ಕೃತಿಯಾಗಿಯೇ ನಿಮ್ಮ ಮುಂದೆ ಬರುತ್ತದೆ. ನಿಮ್ಮ ಕೈವಾಡಕ್ಕೆ ಅಲ್ಲಿ ಹೆಚ್ಚಿನ ಜಾಗವಿಲ್ಲ.

1954ರಲ್ಲಿ ದೇಶ ಇಬ್ಭಾಗವಾದಾಗ ಎಂಟು ಲಕ್ಷಕ್ಕೂ ಹೆಚ್ಚು ಜನ ಉತ್ತರದಿಂದ ದಕ್ಷಿಣಕ್ಕೆ ಬಂದರು, ಅವರ ಹಿಂದೆ ಫೋ ಕೂಡ ದೊಡ್ಡ ಪ್ರಮಾಣದಲ್ಲಿ ಬಂದಿತು. ಸೊಪ್ಪು, ಹಣ್ಣು, ಸಕ್ಕರೆ ಯಾವುದಕ್ಕೂ ಬರವಿಲ್ಲದ ದಕ್ಷಿಣದ ನೆಲದಲ್ಲಿ ಅದು ಮೈತುಂಬಿಕೊಂಡಿತು. ಸೈಗಾನ್ ಸಾರಿಗೆ ಕಲ್ಲುಸಕ್ಕರೆ ಬೀಳುತ್ತದೆ, ಅದು ತುಸು ಮಂದ, ತುಸು ಜಿಡ್ಡು. ಎಳೆ ಸಣ್ಣದು. ಸೊಪ್ಪಿನ ತಟ್ಟೆಯಲ್ಲಿ ಸೋಂಪಿನ ಪರಿಮಳವಿರುವ ತುಳಸಿಯ ಜಾತಿಯೊಂದು, ಮಲೆನಾಡಿನ ಕೆಲವು ಹಿತ್ತಿಲುಗಳಲ್ಲಿ ಕಾಡು ಕೊತ್ತಂಬರಿ ಎಂದು ಬೆಳೆಯುವ ಗರಗಸದಂಚಿನ ಎಲೆ, ಮೊಳಕೆಕಾಳು, ನಿಂಬೆ, ಹಸಿಮೆಣಸು. ಇಲ್ಲಿ ಸಾರು ಅರ್ಧ ದಾರಿ ನಡೆದು ನಿಂತಿರುತ್ತದೆ, ಉಳಿದರ್ಧ ನಿಮ್ಮದು.

ಹಾಗಾದರೆ ಯಾವುದು ಮೇಲು? ಮಸಾಲೆಯ ಸೂಕ್ಷ್ಮವನ್ನೂ ಎಲುಬಿನ ರಸದ ರುಚಿಯನ್ನೂ ಬೇರೆ ಬೇರೆಯಾಗಿ ಗುರುತಿಸಿ ಸವಿಯುವ ಹಂಬಲವಿದ್ದರೆ ಹನೋಯ್ ಬಟ್ಟಲೇ ಸರಿ, ಅದರಲ್ಲೂ ಬೆಳಗಿನ ಏಳು ಗಂಟೆಯ ಚಳಿಯಲ್ಲಿ. ಪ್ರತಿ ತುತ್ತಿಗೂ ಒಂದು ಎಲೆ ಕಿತ್ತು ಹಾಕಿ, ಹುಳಿ ಹಿಂಡಿ, ಖಾರ ಕೂಡಿಸಿ, ಬಟ್ಟಲಿನ ಮೊದಲ ರುಚಿಯೇ ಬೇರೆ ಕೊನೆಯ ರುಚಿಯೇ ಬೇರೆ ಆಗಬೇಕೆನ್ನುವವರಿಗೆ ಸೈಗಾನ್ ಒಗ್ಗುತ್ತದೆ. ಊಟವೆಂದರೆ ಕಲಸಿಕೊಳ್ಳುವುದು ಎಂದು ಬೆಳೆದ ನಮ್ಮವರಿಗೆ ಎರಡನೆಯದು ಬೇಗ ಹಿಡಿಸುತ್ತದೆಂಬುದು ನಿಜ. ನನ್ನ ಮತ ಮಾತ್ರ ಉತ್ತರಕ್ಕೆ. ಸೈಗಾನಿನಲ್ಲಿ ಒಳ್ಳೆಯ ಸಾರು ಮತ್ತು ಸಾಧಾರಣ ಸಾರಿನ ನಡುವಿನ ಅಂತರವನ್ನು ಸೊಪ್ಪಿನ ತಟ್ಟೆ ಮುಚ್ಚಿಬಿಡುತ್ತದೆ, ಹನೋಯ್‌ನಲ್ಲಿ ಅಂಥ ಮರೆ ಇಲ್ಲ.

ಎರಡೂ ಕಡೆ ಪಾಲಿಸಬೇಕಾದ ಮರ್ಯಾದೆ ಒಂದಿದೆ. ಏನನ್ನೂ ಬೆರೆಸುವ ಮೊದಲು ಎರಡು ಚಮಚ ಸಾರನ್ನು ಹಾಗೆಯೇ ಕುಡಿಯಿರಿ. ಕಪ್ಪು ಸಾಸನ್ನು ನೇರ ಬಟ್ಟಲಿಗೆ ಸುರಿಯುವ ಬದಲು ಸಣ್ಣ ತಟ್ಟೆಯಲ್ಲಿ ಖಾರದ ಸಾಸಿನೊಡನೆ ಹಾಕಿಕೊಂಡು ಮಾಂಸವನ್ನು ಅದರಲ್ಲಿ ಅದ್ದಿದರೆ ಸಾರು ಕೆಡುವುದಿಲ್ಲ. ಮೊಳಕೆಕಾಳು ಹಸಿಯಾಗಿ ಹಿಡಿಸದಿದ್ದರೆ ಬಿಸಿನೀರಿನಲ್ಲಿ ಅದ್ದಿ ಕೊಡುವಂತೆ ಕೇಳಬಹುದು. ಸೈಗಾನಿನಲ್ಲಿ ಅದು ದಿನನಿತ್ಯದ ಬೇಡಿಕೆ. ಇನ್ನು ಹರಟೆಯನ್ನು ಆಮೇಲೆ ಇಟ್ಟುಕೊಳ್ಳಿ, ಏಕೆಂದರೆ ಅಕ್ಕಿಯ ಎಳೆ ಹತ್ತು ನಿಮಿಷದಲ್ಲಿ ಸಾರನ್ನು ಹೀರಿ ಊದಿಕೊಳ್ಳುತ್ತದೆ.

ಗೋಮಾಂಸವೋ ಕೋಳಿಯೋ

ಫೋ ಬೊ ಎಂದರೆ ಗೋಮಾಂಸದ್ದು, ಫೋ ಗಾ ಎಂದರೆ ಕೋಳಿಯದ್ದು. ಗೋಮಾಂಸದ ಬಟ್ಟಲಿನಲ್ಲಿ ಮತ್ತೆ ಆಯ್ಕೆಗಳಿವೆ: ತಾಯ್ ಎಂದರೆ ಹಸಿ ಹೋಳು, ಬಟ್ಟಲಿನ ಬಿಸಿಯಲ್ಲೇ ಬೇಯುವಂಥದ್ದು, ಚಿನ್ ಎಂದರೆ ಮೊದಲೇ ಬೆಂದದ್ದು, ಗೌ ಎಂದರೆ ಕೊಬ್ಬಿನಂಚಿನ ಎದೆಯ ಭಾಗ, ಗನ್ ಎಂದರೆ ಸ್ನಾಯುರಜ್ಜು. ಹಸಿ ಮಾಂಸದ ಬಗ್ಗೆ ಅಳುಕಿರುವವರು ಚಿನ್ ಎಂದರೆ ಸಾಕು. ಮೊದಲ ಸಲಕ್ಕೆ ತಾಯ್ ಮತ್ತು ಚಿನ್ ಬೆರೆಸಿದ್ದೇ ಒಳ್ಳೆಯದು. ಫಲಕದಲ್ಲಿ ‘ವಿಶೇಷ’ ಎಂಬ ಅರ್ಥದ ಪದದೊಂದಿಗಿರುವ ದೊಡ್ಡ ಬಟ್ಟಲಿನಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಇದ್ದು ಯಾವುದರ ರುಚಿಯೂ ನೆನಪಿನಲ್ಲಿ ಉಳಿಯುವುದಿಲ್ಲ.

ಗೋಮಾಂಸ ತಿನ್ನದ ಓದುಗರು ನಮ್ಮಲ್ಲಿ ಬಹಳ. ಅವರಿಗೆ ಫೋ ಗಾ ಎರಡನೆಯ ದರ್ಜೆಯ ಪರ್ಯಾಯವೇನೂ ಅಲ್ಲ. 1939ರ ಸುಮಾರಿಗೆ ಹನೋಯ್‌ನಲ್ಲಿ ಸೋಮವಾರ ಮತ್ತು ಶುಕ್ರವಾರ ಗೋಮಾಂಸದ ಮಾರಾಟ ನಿಂತಾಗ, ಅಂಗಡಿ ಮುಚ್ಚಲು ಒಪ್ಪದ ಮಾರಾಟಗಾರರು ಕೋಳಿಗೆ ತಿರುಗಿದರು. ಹಳಬರು ಮೂಗು ಮುರಿದರೂ ಅದು ಉಳಿಯಿತು. ಚಕ್ರಮೊಗ್ಗು, ಚಕ್ಕೆಗಳ ಭಾರ ಇದರಲ್ಲಿ ಕಡಿಮೆ, ಶುಂಠಿ ಮುಂದೆ ಬರುತ್ತದೆ, ನಿಂಬೆಯ ಎಲೆಯನ್ನು ಕೂದಲೆಳೆಯಂತೆ ಹೆಚ್ಚಿ ಮೇಲೆ ಉದುರಿಸುವ ಅಂಗಡಿಗಳೂ ಇವೆ. ಒಂದು ಎಚ್ಚರ: ಒಂದೇ ಅಂಗಡಿಯಲ್ಲಿ ಬೊ ಮತ್ತು ಗಾ ಎರಡೂ ಸಿಗುವುದಾದರೆ ಸಾರಿನ ಹಂಡೆ ಎರಡಿದೆಯೇ ಎಂದು ಕಣ್ಣಾರೆ ನೋಡಿ. ಒಂದೇ ಹಂಡೆಯಿದ್ದರೆ ಗೋಮಾಂಸದ ಸಾರಿನ ಮೇಲೆ ಕೋಳಿಯ ಹೋಳು ಇಟ್ಟು ಕೊಡುವ ಸಾಧ್ಯತೆಯೇ ಹೆಚ್ಚು. ಫಲಕದಲ್ಲಿ ಫೋ ಗಾ ಎಂದಷ್ಟೇ ಬರೆದಿರುವ ಅಂಗಡಿ ಎಲ್ಲ ದೃಷ್ಟಿಯಿಂದಲೂ ಕ್ಷೇಮ.

ಫೋ ಅಲ್ಲದ ಬಟ್ಟಲುಗಳು

ಮುಂದಿನ ಕವಲಿಗೆ ಎಳೆಯ ವ್ಯತ್ಯಾಸ ತಿಳಿದಿರಬೇಕು. ಫೋದ ಎಳೆ ಚಪ್ಪಟೆ ಪಟ್ಟಿ: ಅಕ್ಕಿಹಿಟ್ಟಿನ ತೆಳು ಸಂಪಣವನ್ನು ಹಬೆಯ ಮೇಲಿನ ಬಟ್ಟೆಗೆ ಹರಡಿ, ಬೆಂದ ಹಾಳೆಯನ್ನು ಕತ್ತರಿಸಿದ್ದು. ಬುನ್ ಎಂಬುದು ದುಂಡೆಳೆ, ನಮ್ಮ ಒತ್ತುಶಾವಿಗೆಯ ಹತ್ತಿರದ ಸಂಬಂಧಿ. ನಾವು ಹಿಟ್ಟಿನ ಮುದ್ದೆಯನ್ನು ಮೊದಲು ಬೇಯಿಸಿ ಆಮೇಲೆ ಒರಳಿನಲ್ಲಿ ಒತ್ತುತ್ತೇವೆ. ಅವರು ತುಸು ಹುದುಗಿದ ಹಿಟ್ಟನ್ನು ಕುದಿಯುವ ನೀರಿನೊಳಕ್ಕೇ ಒತ್ತುತ್ತಾರೆ. ಆದ್ದರಿಂದ ಬುನ್‌ನಲ್ಲಿ ಒಂದು ನವಿರಾದ ಹುಳಿಯ ಎಳೆ ಇರುತ್ತದೆ, ಖಾರ ಹುಳಿಯ ಸಾರಿಗೆ ಅದು ಚೆನ್ನಾಗಿ ಹೊಂದುತ್ತದೆ.

ಅಂಥ ಸಾರುಗಳಲ್ಲಿ ಮೊದಲ ಮಣೆ ಬುನ್ ಬೊ ಹ್ವೇಗೆ. 1802ರಿಂದ 1945ರವರೆಗೆ ನುಯೆನ್ ಅರಸರ ರಾಜಧಾನಿಯಾಗಿದ್ದ ಹ್ವೇ ನಗರದ ಈ ಸಾರು ನಿಂತಿರುವುದು ಮಜ್ಜಿಗೆಹುಲ್ಲಿನ ಮೇಲೆ ಮತ್ತು ಮಾಮ್ ರುವೊಕ್ ಎಂಬ ಕೊಳೆಸಿದ ಸಿಗಡಿಯ ಮುದ್ದೆಯ ಮೇಲೆ. ಕರಾವಳಿಯ ಮನೆಗಳಲ್ಲಿ ಒಣಸಿಗಡಿ ಹುರಿಯುವ ವಾಸನೆಗೆ ಬಾಯಲ್ಲಿ ನೀರೂರುವವರಿಗೆ ಇದು ಮೊದಲ ಗುಟುಕಿನಲ್ಲೇ ಆಪ್ತವಾಗುತ್ತದೆ. ಆ ವಾಸನೆಗೆ ಕಿಟಕಿ ತೆರೆಯುವವರು ಫೋಗೆ ಹಿಂತಿರುಗುವುದು ಒಳಿತು. ಬಣ್ಣ ಕೆಂಪು, ಅದು ಬರುವುದು ರಂಗಮಾಲೆ ಬೀಜ ಮತ್ತು ಮೆಣಸಿನೆಣ್ಣೆಯಿಂದ. ಎಳೆ ದಪ್ಪ. ಜೊತೆಗೆ ಸಣ್ಣಗೆ ಹೆಚ್ಚಿದ ಹಸಿ ಬಾಳೆಹೂವು ಬರುತ್ತದೆ, ನಾವು ಪಲ್ಯಕ್ಕೆ ಬಳಸುವುದನ್ನು ಅವರು ಸಾರಿನ ಮೇಲೆ ಕರಕರ ಎನ್ನುವಂತೆ ಹಾಕಿಕೊಳ್ಳುತ್ತಾರೆ. ಹೆಸರಿನಲ್ಲಿ ಗೋಮಾಂಸವಷ್ಟೇ ಇದ್ದರೂ ಬಟ್ಟಲಿನಲ್ಲಿ ಹಂದಿಯ ಕಾಲು ಮತ್ತು ಹೆಪ್ಪುಗಟ್ಟಿದ ರಕ್ತದ ತುಂಡು ಇರುವುದು ಸಾಮಾನ್ಯ ಎಂಬುದನ್ನು ತರಿಸುವ ಮುನ್ನವೇ ತಿಳಿದಿರಬೇಕು. ಖಾರದ ಊಟಕ್ಕೆ ಹಾತೊರೆದಿರುವ, ನಾಲ್ಕು ದಿನ ಫೋ ತಿಂದು ನಾಲಿಗೆ ಸಪ್ಪೆಯಾಗಿದೆ ಎನ್ನುವ ಮಾಂಸಾಹಾರಿಗೆ ನಾನು ಹೇಳುವುದು ಇದನ್ನೇ.

ಬುನ್ ರಿಯೆವ್ ಇನ್ನೊಂದು ದಾರಿ. ಗದ್ದೆಯ ಏಡಿಗಳನ್ನು ಚಿಪ್ಪಿನ ಸಮೇತ ಜಜ್ಜಿ, ನೀರು ಬೆರೆಸಿ ಸೋಸಿ, ಆ ರಸವನ್ನು ಮೆಲ್ಲಗೆ ಕಾಯಿಸಿದರೆ ಏಡಿಯ ಸತ್ವ ಮೊಸರಿನ ಗಡ್ಡೆಯಂತೆ ಕೂಡಿ ಮೇಲೆ ತೇಲುತ್ತದೆ. ಅದಕ್ಕೆ ಟೊಮೇಟೊ, ಕರಿದ ತೋಫು. ಮಳೆಗಾಲದ ಮೊದಲ ವಾರಗಳಲ್ಲಿ ಗದ್ದೆಯಂಚಿನ ಏಡಿ ಹಿಡಿದು ಒರಳಿನಲ್ಲಿ ಜಜ್ಜಿ ಸಾರು ಮಾಡುವ ಮಲೆನಾಡಿನವರಿಗೆ ಈ ವಿಧಾನವನ್ನು ವಿವರಿಸಬೇಕಾಗಿಯೇ ಇಲ್ಲ. ಟೊಮೇಟೊದ ಹುಳಿಯಿಂದ ಇದು ಎಲ್ಲ ವಿಯೆಟ್ನಾಮೀ ಸಾರುಗಳಲ್ಲಿ ನಮ್ಮ ಸಾರಿಗೆ ಅತಿ ಹತ್ತಿರ. ಸೆಕೆಯ ಮಧ್ಯಾಹ್ನಕ್ಕೆ ಫೋಗಿಂತ ಇದೇ ಹಗುರ.

ದಕ್ಷಿಣದ ಹು ತಿಯೆವ್ ನಾಮ್ ವಾಂಗ್‌ನ ಹೆಸರಿನಲ್ಲಿರುವ ನಾಮ್ ವಾಂಗ್ ಎಂದರೆ ಕಾಂಬೋಡಿಯಾದ ನೊಮ್ ಪೆನ್ ನಗರ. ಚೀನೀ ಮೂಲದ ವಲಸಿಗರ ಕೈಯಲ್ಲಿ ರೂಪುಗೊಂಡು ಸೈಗಾನಿಗೆ ಬಂದ ತಿನಿಸು. ಹಂದಿಯ ಎಲುಬು ಮತ್ತು ಒಣ ಬೊಂಡಾಸಿನ (ಸ್ಕ್ವಿಡ್) ಸಿಹಿಸಾರು, ಜಗ್ಗುವ ಎಳೆ, ಸಿಗಡಿ. ಇದನ್ನು ಒಣದಾಗಿ ತರಿಸಿಕೊಂಡರೆ ಕಲಸಿದ ಎಳೆ ಒಂದು ಬಟ್ಟಲಿನಲ್ಲಿ, ಸಾರು ಪುಟ್ಟ ಬಟ್ಟಲಿನಲ್ಲಿ ಬೇರೆಯಾಗಿ ಬರುತ್ತದೆ. ಎಳೆ ಊದಿಕೊಳ್ಳುತ್ತದೆಂಬ ಆತುರ ಬೇಡವಾದವರಿಗೆ ಅನುಕೂಲ. ದಾ ನಾಂಗ್, ಹೋಯ್ ಆನ್ ಕಡೆ ಹೋದರೆ ಮೀ ಕ್ವಾಂಗ್ ತಿನ್ನಿ: ಅರಿಸಿನದ ಹಳದಿ ಪಟ್ಟಿ, ಬಟ್ಟಲಿನ ತಳದಲ್ಲಷ್ಟೇ ಸಾರು, ಮೇಲೆ ಹುರಿದ ಕಡಲೆಕಾಯಿ, ಪಕ್ಕದಲ್ಲಿ ಎಳ್ಳಿನ ಅಕ್ಕಿ ಹಪ್ಪಳ. ಸಾರು ಕುಡಿಯುವ ಮನಸ್ಸಿನಿಂದ ಹೋದರೆ ಇದು ನಿರಾಸೆ ತರುತ್ತದೆ.

ಸಸ್ಯಾಹಾರಿಗಳಿಗೆ

ಈ ವಿಷಯದಲ್ಲಿ ನಮ್ಮವರು ಮೋಸ ಹೋಗುವಷ್ಟು ಬೇರೆ ಯಾವುದರಲ್ಲೂ ಹೋಗುವುದಿಲ್ಲ. ಸಾಮಾನ್ಯ ಫೋ ಅಂಗಡಿಯಲ್ಲಿ ಮಾಂಸ ಬೇಡವೆಂದರೆ ಮಾಂಸವಿಲ್ಲದ ಬಟ್ಟಲು ಸಿಗುತ್ತದೆ, ಸಾರು ಮಾತ್ರ ಎಲುಬಿನದ್ದೇ ಆಗಿರುತ್ತದೆ. 1960ರ ದಶಕದ ಕೊರತೆಯ ದಿನಗಳಲ್ಲಿ ಹನೋಯ್‌ನ ಸರ್ಕಾರಿ ಅಂಗಡಿಗಳು ಮಾರುತ್ತಿದ್ದ ಮಾಂಸರಹಿತ ಫೋವನ್ನು ಜನರು, ತಲೆಯ ಮೇಲೆ ಹಾರುತ್ತಿದ್ದ ಅಮೆರಿಕದ ಮಾನವರಹಿತ ವಿಮಾನಗಳನ್ನು ನೆನೆದು, ‘ಚಾಲಕನಿಲ್ಲದ ಫೋ’ ಎಂದು ಹಾಸ್ಯ ಮಾಡುತ್ತಿದ್ದರು. ನಿಮಗೆ ಬೇಕಾದದ್ದು ಚಾಲಕನಿಲ್ಲದ್ದಲ್ಲ, ವಾಹನವನ್ನೇ ಬದಲಿಸಿದ್ದು.

ಅದಕ್ಕೆ ಹುಡುಕಬೇಕಾದ ಪದ ಚಾಯ್. ಬೌದ್ಧ ಪದ್ಧತಿಯ ಸಸ್ಯಾಹಾರಕ್ಕೆ ಅಲ್ಲಿನ ಹೆಸರು ಅದು, ಮತ್ತು ಚಾಯ್ ಎಂಬ ಫಲಕವಿರುವ ಹೋಟೆಲುಗಳು ಸೈಗಾನ್ ಮತ್ತು ಹ್ವೇಗಳಲ್ಲಿ ಧಾರಾಳವಾಗಿವೆ. ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೆಯ ದಿನ ಅನೇಕರು ಮಾಂಸ ಬಿಡುತ್ತಾರೆ; ಅಮಾವಾಸ್ಯೆ ಹುಣ್ಣಿಮೆಗಳ ಲೆಕ್ಕವಿಟ್ಟುಕೊಳ್ಳುವ ಮನೆಯವರು ಆ ದಿನಗಳಿಗೆ ಹೊಂದಿಸಿಕೊಂಡು ಹೋದರೆ ಉಳಿದ ದಿನ ಮಾಂಸ ಮಾರುವ ಕೆಲವು ಅಂಗಡಿಗಳಲ್ಲೂ ಚಾಯ್ ಬಟ್ಟಲು ಸಿಗುತ್ತದೆ. ಫೋ ಚಾಯ್‌ನ ಸಾರು ಮೂಲಂಗಿ, ಕ್ಯಾರೆಟ್, ಜೋಳದ ತೆನೆ, ಅಣಬೆಗಳಿಂದ ಆದದ್ದು. ಕಟ್ಟುನಿಟ್ಟಿನ ಚಾಯ್ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಗಳನ್ನೂ ಹಾಕುವುದಿಲ್ಲ, ಅವುಗಳನ್ನು ಬಿಟ್ಟವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿಲ್ಲ. ಚಾಯ್ ಅಲ್ಲದ ಹೋಟೆಲಿನಲ್ಲಿ ‘ತರಕಾರಿ ಫೋ’ ಎಂದು ಕಂಡದ್ದನ್ನು ನಂಬುವ ಮೊದಲು ಮೀನಿನ ಸಾಸ್ ಇದೆಯೇ ಎಂದು ಕೇಳಲೇಬೇಕು. ‘ತೊಯ್ ಆನ್ ಚಾಯ್, ಖೊಂಗ್ ನುವೊಕ್ ಮಾಮ್’ ಎಂದರೆ ನಾನು ಸಸ್ಯಾಹಾರಿ, ಮೀನಿನ ಸಾಸ್ ಬೇಡ ಎಂದು. ಉಚ್ಚಾರಣೆಯಲ್ಲಿ ಸ್ವರದ ಏರಿಳಿತ ತಪ್ಪಿದರೆ ಅರ್ಥ ಕೆಡುವ ಭಾಷೆ ಅದು, ಫೋನಿನಲ್ಲಿ ಬರೆದು ತೋರಿಸುವುದು ಜಾಣತನ.

ರುಚಿಯ ಮಾತು ಬಂದರೆ, ಫೋ ಚಾಯ್‌ಗಿಂತ ಹ್ವೇ ಸಾರಿನ ಚಾಯ್ ರೂಪವೇ ನನಗೆ ಹೆಚ್ಚು ಒಪ್ಪಿಗೆ. ಎಲುಬಿನ ರಸ ಹೋದ ಮೇಲೆ ಫೋ ತೆಳುವಾಗುತ್ತದೆ; ಮಜ್ಜಿಗೆಹುಲ್ಲು ಮತ್ತು ಮೆಣಸಿನ ಬಲವಿರುವ ಸಾರಿಗೆ ಆ ನಷ್ಟ ಅಷ್ಟಾಗಿ ತಟ್ಟುವುದಿಲ್ಲ.

ಅಂಗಡಿಯನ್ನು ಆರಿಸುವುದು

ಇಪ್ಪತ್ತು ತಿನಿಸುಗಳ ಚಿತ್ರವಿರುವ ಫಲಕಕ್ಕಿಂತ ಒಂದೇ ತಿನಿಸಿನ ಹೆಸರಿರುವ ಫಲಕ ಮೇಲು. ಹಂಡೆ ಬೀದಿಯ ಕಡೆಗೆ ಕಾಣುವಂತಿರಬೇಕು, ಬೆಳಿಗ್ಗೆ ಆರಕ್ಕೆ ತೆರೆದು ಹತ್ತು ಹನ್ನೊಂದಕ್ಕೆ ಸಾರು ಮುಗಿದು ಬಾಗಿಲು ಹಾಕುವ ಕಡೆ ಮರುದಿನಕ್ಕೆ ಹಳೆಯದು ಉಳಿಯುವುದಿಲ್ಲ. ಪ್ಲಾಸ್ಟಿಕ್ ಮಣೆ ಮೊಣಕಾಲೆತ್ತರಕ್ಕಿಂತ ಕೆಳಗಿದ್ದರೆ ಹಿರಿಯರಿಗೆ ಕಷ್ಟ, ಅವರನ್ನು ಕರೆದೊಯ್ಯುವಾಗ ಕುರ್ಚಿಯಿರುವ ಅಂಗಡಿಯನ್ನೇ ನೋಡಿಕೊಳ್ಳಿ.

ಹೆಸರುವಾಸಿ ಅಂಗಡಿಗಳ ನಡುವೆ ಆರಿಸುವುದಾದರೆ ಹನೋಯ್‌ನ ಬಾತ್ ದಾನ್ ಬೀದಿಯ 49ನೆಯ ಸಂಖ್ಯೆಯ ಫೋ ಜಾ ಚುಯೆನ್ ತಿಳಿಸಾರಿನ ಹಳೆಯ ಪದ್ಧತಿಗೆ ಹೆಸರಾದದ್ದು. ಸಾಲಿನಲ್ಲಿ ನಿಂತು, ಮೊದಲು ಹಣ ಕೊಟ್ಟು, ಬಟ್ಟಲನ್ನು ನೀವೇ ಮೇಜಿಗೆ ಒಯ್ಯಬೇಕು; ಬೆಂಗಳೂರಿನ ದರ್ಶಿನಿಗಳಲ್ಲಿ ಪಳಗಿದವರಿಗೆ ಇದರಲ್ಲಿ ವಿಚಿತ್ರವೇನಿಲ್ಲ. 1979ರಿಂದ ನಡೆಯುತ್ತಿರುವ ಲೋ ದುಕ್ ಬೀದಿಯ ಫೋ ಥಿನ್‌ನಲ್ಲಿ ಮಾಂಸವನ್ನು ಬೆಳ್ಳುಳ್ಳಿಯೊಡನೆ ಬಾಣಲೆಯಲ್ಲಿ ಬಾಡಿಸಿ, ಎಳೆ ಈರುಳ್ಳಿಯ ರಾಶಿಯನ್ನೇ ಸುರಿಯುತ್ತಾರೆ; ಜಿಡ್ಡು ಹೆಚ್ಚು, ತಿಳಿಸಾರಿನ ಅಭಿಮಾನಿಗಳು ಇದನ್ನು ಫೋ ಎನ್ನಲು ಹಿಂಜರಿದರೂ ಚಳಿಗಾಲದ ಹಸಿವಿಗೆ ತಕ್ಕದ್ದು. ಸೈಗಾನಿನ ಪಾಸ್ಟರ್ ಬೀದಿಯ ಫೋ ಹೋಆ, ಕುಟುಂಬದೊಡನೆ ಕುಳಿತು ಸೊಪ್ಪಿನ ಗುಡ್ಡದೊಂದಿಗೆ ತಿನ್ನಲು ಅನುಕೂಲವಾದ ಜಾಗ.

ಬೆಲೆ ಬೀದಿಬದಿಯ ಅಂಗಡಿಗಳಲ್ಲಿ ಅಂದಾಜು 40ರಿಂದ 70 ಸಾವಿರ ಡಾಂಗ್, ಅಂದರೆ ನೂರೈವತ್ತು ಇನ್ನೂರು ರೂಪಾಯಿಯ ಆಸುಪಾಸು. ಪ್ರಸಿದ್ಧ ಅಂಗಡಿಗಳಲ್ಲಿ ಅದಕ್ಕಿಂತ ಹೆಚ್ಚು. ಮೇಜಿನ ಮೇಲೆ ತಾನಾಗಿ ಬಂದು ಕೂರುವ ಕ್ವೆಯ್, ಬಾಳೆಎಲೆಯಲ್ಲಿ ಸುತ್ತಿದ ತಿನಿಸು, ಪ್ಯಾಕೆಟ್ಟಿನ ಒದ್ದೆ ಕರವಸ್ತ್ರ ಇವು ಉಚಿತವಲ್ಲ. ಮುಟ್ಟದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ.

ಹೊರದೇಶದಲ್ಲಿದ್ದು ಸದ್ಯಕ್ಕೆ ವಿಯೆಟ್ನಾಂಗೆ ಹೋಗುವ ಯೋಗವಿಲ್ಲದವರು ತಮ್ಮೂರಿನ ಹೋಟೆಲಿನ ಫಲಕವನ್ನು ಇನ್ನೊಮ್ಮೆ ನೋಡಬಹುದು. ಅಮೆರಿಕದ ಹಲವು ಫೋ ಅಂಗಡಿಗಳ ಹೆಸರಿನಲ್ಲಿ ಅಂಕಿಗಳಿರುತ್ತವೆ, ಅವುಗಳಲ್ಲಿ 54 ಮತ್ತು 75 ಎಂಬವು ಸಾಮಾನ್ಯವಾಗಿ ಉತ್ತರವನ್ನು ಬಿಟ್ಟ ವರ್ಷವನ್ನೋ ದೇಶವನ್ನೇ ಬಿಟ್ಟ ವರ್ಷವನ್ನೋ ಸೂಚಿಸುತ್ತವೆ. ಫಲಕದಲ್ಲಾಗಲಿ ಪಟ್ಟಿಯಲ್ಲಾಗಲಿ ‘ಬಾಕ್’ ಎಂಬ ಪದ ಕಂಡರೆ ಅದು ಉತ್ತರದ ಪದ್ಧತಿ. ಅಲ್ಲಿ ಸೊಪ್ಪಿನ ತಟ್ಟೆ ಬರಲಿಲ್ಲವೆಂದು ಯಾರನ್ನೂ ಕೇಳಬೇಡಿ, ಬೆಳ್ಳುಳ್ಳಿಯ ವಿನೆಗರ್ ಎಲ್ಲಿದೆ ಎಂದು ಕೇಳಿ.